ಅರ್ಧ ಹಳದಿ ಸೊಪ್ಪು

ನಮ್ಮ ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಹೆದರದಂಥ ವಸ್ತು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಕುಕ್ಕರ್ ಕೂಗುವ ಮುಂಚೆಯೇ ಹಿತ್ತಲು ಸೇರುತ್ತಾರೆ. ಫೋನ್ ಬಂದರೆ ದೇವರಿಗೆ ಕೈಮುಗಿದು ಆಮೇಲೆ ಎತ್ತುತ್ತಾರೆ. ಅದೇ ಹೆಂಗಸು ಸಾವಿರಾರು ರೇಷ್ಮೆಹುಳುಗಳ ನಡುವೆ ನಿಂತು "ಇನ್ನೂ ತಿಂದಿಲ್ವೇನ್ರೋ?" ಎಂದು ಗದರುತ್ತಾರೆ.

ವಾಹನದ ಭಯ ಮಾತ್ರ ತಮಾಷೆಯದಲ್ಲ. ಮಾವ ಚಿಂತಾಮಣಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅತ್ತೆ ಚಕ್ರವಿರುವ ಯಾವುದನ್ನೂ ಹತ್ತಿಲ್ಲ. ಈಗ ಅವರ ಮಗಳಿಗೆ ಹೆರಿಗೆಯಾಗಿದೆ. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ಚಿಂತಾಮಣಿಯಲ್ಲಿರುವ ಗಂಡನ ಮನೆಯಲ್ಲೇ ಇದ್ದಾಳೆ. ತಿಂಗಳಾದರೂ ಅತ್ತೆ ಮೊಮ್ಮಗಳನ್ನು ಫೋನಿನಲ್ಲೇ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಹೊಸದಾಗಿ ಕಾರು ಕಲಿತಿದ್ದೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಅತ್ತೇನ ನಾನೇ ಕರ್ಕೊಂಡು ಹೋಗ್ತೀನಿ 🔰" ಎಂದು ಹಾಕಿದೆ. ಅರ್ಧ ಹಳದಿ, ಅರ್ಧ ಹಸಿರು ಎಲೆಯಂಥ ಆ ಜಪಾನಿ ಗುರುತು ನೋಡಿ ಅತ್ತೆಯ ಫೋನ್ ಬಂತು.

"ಏನೇ ಅದು, ಹಿಪ್ಪುನೇರಳೆ ಸೊಪ್ಪು ಅರ್ಧ ಹಳದಿ ಆಗಿದೆ?"

"ಎಮೋಜಿ ಅತ್ತೆ."

"ಅದ್ಯಾವ ರೋಗಾನೋ ಏನೋ! ನಮ್ ತೋಟಕ್ಕೆ ಬಂದ್ರೆ ಒಂದು ಹುಳಾನೂ ಉಳಿಯಲ್ಲ. ಮೊದ್ಲು ಅಳಿಸು!"

ಬೆಳಿಗ್ಗೆ ಹೋಗಿ ನೋಡಿದರೆ, ಸೋಂಕು ತಗಲದಿರಲೆಂದು ಫೋನನ್ನು ಹುಳು ಮನೆಯಿಂದ ದೂರ, ಬಕೆಟ್ ಬೋರಲು ಹಾಕಿ ಮುಚ್ಚಿಟ್ಟಿದ್ದಾರೆ! ನಾನು ಕೂತು ವಿವರಿಸಿದೆ. ಜಪಾನಿನಲ್ಲಿ ಹೊಸದಾಗಿ ಕಾರು ಓಡಿಸುವವರು ಇದನ್ನು ಕಾರಿಗೆ ಅಂಟಿಸಿಕೊಳ್ಳುತ್ತಾರೆ, ಆಗ ಬೇರೆಯವರು ಮೇಲೆ ನುಗ್ಗದೆ ಹುಷಾರಾಗಿ ಹೋಗುತ್ತಾರೆ, ಅಂತ.

"ಅಂದ್ರೆ ನಿಂಗೆ ಓಡಿಸಕ್ಕೆ ಸರಿಯಾಗಿ ಬರಲ್ಲ?"

ಸಿಕ್ಕಿಬಿದ್ದೆ! "ನಿಧಾನಕ್ಕೆ ಬರುತ್ತೆ ಅತ್ತೆ. ನಿಜ ಹೇಳ್ಬೇಕಂದ್ರೆ ನಂಗೂ ಭಯಾನೇ," ಅಂದೆ.

ಅತ್ತೆ ಎದ್ದು ತೋಟಕ್ಕೆ ನಡೆದರು. ಮುಗಿಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಬಂದರು! ಹಳದಿ ಸೊಪ್ಪು ಕಂಡರೆ ಕಿತ್ತು ಸುಡುವ ಹೆಂಗಸು, ಹುಡುಕಿ ತಂದ ಹಳದಿ ಎಲೆಯನ್ನು ಹಸಿರು ಎಲೆಗೆ ಸೇರಿಸಿ ಹೊಲಿದಿದ್ದರು. ಒಂದು ಜೋಡಿ ಕಾರಿನ ಹಿಂದಕ್ಕೆ, ಇನ್ನೊಂದು ಅವರ ಸೆರಗಿಗೆ.

"ನಿಂಗೆ ಓಡಿಸೋದು ಹೊಸ್ದು, ನಂಗೆ ಕೂರೋದು ಹೊಸ್ದು. ನಡಿ."

ದಾರಿಯುದ್ದಕ್ಕೂ ಅತ್ತೆ ಕಣ್ಣು ಬಿಡಲಿಲ್ಲ. ಮಾವ ಬಿದ್ದ ತಿರುವಿನಲ್ಲಿ ಮಾತ್ರ, ನಾನು ಹೇಳದಿದ್ದರೂ ಹೇಗೆ ಗೊತ್ತಾಯಿತೋ, ಹಿಂದಿನಿಂದ ನನ್ನ ಭುಜ ಹಿಡಿದರು. ಹಿಂದಿದ್ದ ಲಾರಿ ಎಷ್ಟು ಹಾರ್ನ್ ಹೊಡೆದರೂ ನಾನು ನಿಧಾನಕ್ಕೇ ಹೋದೆ.

ಚಿಂತಾಮಣಿಯಲ್ಲಿ ಕೈಕಾಲು ತೊಳೆದು ತೊಟ್ಟಿಲ ಹತ್ತಿರ ಹೋದ ಅತ್ತೆ ಮಗುವನ್ನು ಎತ್ತಿಕೊಳ್ಳಲಿಲ್ಲ. ಬಹಳ ಹೊತ್ತು ನೋಡುತ್ತಾ ನಿಂತು, ಸೆರಗಿನ ಬಾಡಿದ ಎಲೆ ಬಿಚ್ಚಿ ತೊಟ್ಟಿಲಿಗೆ ಕಟ್ಟಿದರು.

"ಇವಳೂ ಹೊಸಬಳು ಕಣೇ," ಅಂದರು. "ಎಲ್ರೂ ಹುಷಾರಾಗಿ ಹೋಗ್ಲಿ."