ಎಣ್ಣೆ ಗಟ್ಟಿ ಮಾಡುವ ವರ

ಮರ್ಯಾದೆಯಿಂದ ಬದುಕೋಣವೆಂದು ಎಷ್ಟು ಹೊರಟರೂ ನನ್ನ ಪಾಲಿಗೆ ಬರುವುದು ಇಂಥವೇ. ಅರವತ್ತರ ದಶಕದ ಈ ಫಜೀತಿಗಳಿಗೆ ಕಾರಣ ನಮ್ಮ ಪ್ರಯೋಗಾಲಯದ ಒಂದು ಕರಿ ಎಣ್ಣೆ. ಎಣ್ಣೆಯಲ್ಲಿ ನುಣ್ಣನೆಯ ಕಬ್ಬಿಣದ ಪುಡಿ ಕಲಸುತ್ತಿದ್ದೆವು. ಅಯಸ್ಕಾಂತ ಹತ್ತಿರ ತಂದರೆ ಅದು ಹಲ್ವದಂತೆ ಗಟ್ಟಿ, ದೂರ ಒಯ್ದರೆ ಮತ್ತೆ ನೀರು.

ಕೊಬ್ಬರಿ ಎಣ್ಣೆ

ಜಯನಗರದಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆ. ಒಪ್ಪಿಗೆಯಾಗಿತ್ತು, ಒಪ್ಪಿಗೆಯೇನು, ನಿದ್ದೆಯೇ ಹಾರಿಹೋಗಿತ್ತು. ಅವಳ ತಂದೆ ನಿವೃತ್ತ ಹೆಡ್‌ಮಾಸ್ತರರು. ನಮ್ಮಪ್ಪನನ್ನು ಕೇಳಿದರಂತೆ: "ಹುಡುಗ ಏನ್ ಕೆಲ್ಸ ಮಾಡ್ತಾನೆ?"

"ಎಣ್ಣೆ ಗಟ್ಟಿ ಮಾಡ್ತಾನೆ."

"ಚಳಿಗಾಲದಲ್ಲಿ ನಮ್ಮನೆ ಕೊಬ್ಬರಿ ಎಣ್ಣೆ ತಾನಾಗೇ ಗಟ್ಟಿ ಆಗತ್ತೆ. ಅದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಕುಲುಕುವ ದಾರಿ

ಹುಡುಗನ ಕೆಲಸ ಕಣ್ಣಾರೆ ನೋಡಬೇಕು, ಆಮೇಲೇ ಹೆಣ್ಣಿನ ಮಾತು ಎಂದರು ಹೆಡ್‌ಮಾಸ್ತರರು. ಭಾನುವಾರ ಅವರ ಮನೆಗೆ ಹೊರಡುವಾಗ ಎಣ್ಣೆಯ ಡಬ್ಬಿ ತೆಗೆದು ನೋಡಿದರೆ ಪುಡಿಯೆಲ್ಲ ತಳದಲ್ಲಿ, ಮೇಲೆ ಬರೀ ಎಣ್ಣೆ. ಸುಮ್ಮನಿಟ್ಟರೆ ತಳ ಹಿಡಿಯುವುದು ಅದರ ಹುಟ್ಟು ರೋಗ. ಕಲಕಿ ಕಲಕಿ ಕೈ ಸೋತು, ಬಸ್ಸಾದರೂ ಕುಲುಕಲಿ ಎಂದು ಹತ್ತಿದೆ.

"ಎಲ್ಲಿಗೆ ಸಾರ್?" ಅಂದ ಕಂಡಕ್ಟರ್.

"ಎಲ್ಲಿಗಾದ್ರೂ ಕೊಡಪ್ಪ, ರಸ್ತೆ ಹಾಳಾಗಿರ್ಬೇಕು ಅಷ್ಟೆ. ಈ ಎಣ್ಣೆ ಕಲಸ್ಬೇಕು."

ಅವನು ಡಬ್ಬಿ ನೋಡಿದ, ನನ್ನ ಮುಖ ನೋಡಿದ. "ತಲಘಟ್ಟಪುರಕ್ಕೆ ಹೋಗಿ ವಾಪಸ್ ಬನ್ನಿ ಸಾರ್. ಎಣ್ಣೆ ಏನು, ನಿಮ್ ಕರುಳೂ ಕಲಸ್ಕೊಳತ್ತೆ."

ಎರಡು ಕೈ

ಹೆಡ್‌ಮಾಸ್ತರರ ಮನೆ ಮುಟ್ಟುವ ಹೊತ್ತಿಗೆ ಎಣ್ಣೆ ಹದವಾಗಿತ್ತು, ನಾನು ಹದಗೆಟ್ಟಿದ್ದೆ. ಅವರು ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಬಾಗಿಲ ಹಿಂದೆ ಹುಡುಗಿ. ಗಾಜಿನ ಲೋಟಕ್ಕೆ ಎಣ್ಣೆ ಬಗ್ಗಿಸಿ, ತಳಕ್ಕೆ ಅಯಸ್ಕಾಂತ ಒತ್ತಿ ಹಿಡಿದು, ಅವರ ಮಡಿಲ ಮೇಲೆಯೇ ಲೋಟ ಬೋರಲು ಮಾಡಿದೆ. ಒಂದು ಹನಿ ಬೀಳಲಿಲ್ಲ!

"ಭಲೇ!" ಎಂದರು. ಬಾಗಿಲ ಹಿಂದೆ ಬಳೆ ಸದ್ದಾಯಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಒಳಗಿಂದ ಹುಡುಗಿಯ ಅಜ್ಜಿ ಬಂದರು. ಹಿರಿಯರು ಬಂದರೆ ಎರಡೂ ಕೈ ಜೋಡಿಸಬೇಕೆಂದು ನಮ್ಮಮ್ಮ ಕಿವಿ ಹಿಂಡಿ ಕಲಿಸಿದ್ದಳು. ಜೋಡಿಸಿಯೇಬಿಟ್ಟೆ. ಅಯಸ್ಕಾಂತ ಒಂದು ಕಡೆ, ಲೋಟ ಒಂದು ಕಡೆ, ಎಣ್ಣೆಯೆಲ್ಲ ಪಂಚೆಯ ಮೇಲೆ.

ಮದುವೆ ಮುರಿಯಿತೆಂದು ನನಗೆ ಅಳುವೇ ಬಂತು. ಅಜ್ಜಿ ಮಾತ್ರ ಮಗನ ಕಡೆ ತಿರುಗಿದರು. "ದೊಡ್ಡೋರ್ನ ಕಂಡ್ರೆ ಕೈಲಿರೋದೆಲ್ಲ ಬಿಟ್ಟು ಕೈ ಮುಗೀತಾನೆ ಕಣೋ! ಇಂಥ ಹುಡುಗ ಎಲ್ಲಿ ಸಿಗ್ತಾನೆ? ಕೊಡು ಹುಡುಗೀನ!"

ಹೆಡ್‌ಮಾಸ್ತರರು ತೊಡೆಯತ್ತ ನೋಡಿಕೊಂಡು ಹೇಳಿದರು: "ಹುಡುಗೀನ ಕೊಡೋಣಮ್ಮ. ಮೊದ್ಲು ನಂಗೊಂದು ಪಂಚೆ ಕೊಡು."