ಲಗ್ನಪತ್ರಿಕೆಯ ಬಿ.ಎ.

ವಾದ ಮಾಡುವುದು ನನ್ನ ಹುಟ್ಟುಗುಣ. ದೇವರಾಜ ಮೊಹಲ್ಲಾದ ನನ್ನ ಪಾತ್ರೆ ಅಂಗಡಿಗೆ ಕುಕ್ಕರ್ ಹಿಂತಿರುಗಿಸಲು ಬಂದವರು, ನನ್ನ ಮಾತು ಕೇಳಿ ಇಡ್ಲಿ ಪಾತ್ರೆಯನ್ನೂ ಕೊಂಡುಹೋದದ್ದುಂಟು. "ನೀವು ಲಾಯರ್ ಆಗ್ಬೇಕಿತ್ತು ಕಣ್ರೀ" ಎಂದು ಯಾರಾದರೂ ಅಂದರೆ, ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ವಿಚಾರಿಸಲು ಹೋಗುತ್ತಿರಲಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ಆಗಿಯೇ ಬಿಡೋಣ ಎಂದು ಒಂದು ಲಾ ಕಾಲೇಜಿಗೆ ಹೋದೆ. ಅಲ್ಲಿನ ಗುಮಾಸ್ತರು, "ಮೂರು ವರ್ಷದ ಕೋರ್ಸಿಗೆ ಮೊದ್ಲು ಡಿಗ್ರಿ ಆಗಿರ್ಬೇಕು. ನಿಮ್ದು?" ಎಂದರು. "ಬಿ.ಎ." ಎಂದೆ, ಎದೆಯುಬ್ಬಿಸಿ. "ಎಲ್ಲಿ, ಸರ್ಟಿಫಿಕೇಟ್ ಕೊಡಿ."

ಇಲ್ಲೊಂದು ತಪ್ಪೊಪ್ಪಿಗೆ. ನನ್ನ ಬಿ.ಎ. ಅಚ್ಚಾಗಿರುವುದು ಒಂದೇ ಕಡೆ, ನಮ್ಮ ಲಗ್ನಪತ್ರಿಕೆಯಲ್ಲಿ. ವರನ ಹೆಸರಿನ ಮುಂದೆ ಡಿಗ್ರಿ ಇಲ್ಲದಿದ್ದರೆ ನಮ್ಮವರಿಗೆ ಪತ್ರಿಕೆ ಒಗ್ಗರಣೆ ಇಲ್ಲದ ಸಾರಿನ ಹಾಗೆ. ನನಗೆ ಕೊನೆಯ ವರ್ಷದ ಅರ್ಥಶಾಸ್ತ್ರ ಉಳಿದಿತ್ತು. "ಅಕ್ಟೋಬರಲ್ಲಿ ಪಾಸಾಗ್ತಾನೆ, ಆಕ್ಬುಡಪ್ಪ" ಎಂದು ಚಿಕ್ಕಪ್ಪ ಪ್ರೆಸ್ಸಿನವನಿಗೆ ಹೇಳಿದರು. ಆ ಅಕ್ಟೋಬರ್ ಬಂತು, ಅದರ ಹಿಂದೆ ಇನ್ನೂ ಇಪ್ಪತ್ತೈದು ಬಂದವು. ಊರೆಲ್ಲ ಓದಿದ ಪತ್ರಿಕೆಯಲ್ಲವೇ, ಕಡೆಗೆ ನಾನೂ ನಂಬಿಬಿಟ್ಟಿದ್ದೆ.

ಒಂದು ಪೇಪರ್ ಉಳಿದಿದೆ ಎಂದು ಒಪ್ಪಿಕೊಂಡೆ. "ಹಳೇ ಪೇಪರ್ ಉಳಿಸ್ಕೊಂಡೋರಿಗೆ ಯೂನಿವರ್ಸಿಟಿಯೋರು ಈ ಸಲ ಅವಕಾಶ ಕೊಟ್ಟವ್ರೆ. ಪಾಸ್ ಮಾಡ್ಕೊಂಡು ಬನ್ನಿ" ಎಂದರು ಗುಮಾಸ್ತರು. ನನಗೆ ಅರ್ಥಶಾಸ್ತ್ರಕ್ಕಿಂತ ಸರೋಜಳ ಭಯ. ನನ್ನ ಹೆಂಡತಿ ಸರೋಜ ನಿಜವಾದ ಬಿ.ಎಸ್ಸಿ., ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆಯಲ್ಲಿ ಪುಸ್ತಕ ತೆರೆದರೆ ಗುಟ್ಟು ರಟ್ಟು. ಪದವೀಧರನೆಂದು ನಂಬಿ ಬಂದವಳು ಇನ್ನು ನನ್ನ ಯಾವ ಮಾತನ್ನು ನಂಬಿಯಾಳು? ಚಾಮರಾಜಪುರಂನ ಮನೆಯವರೆಗೂ ನಡೆಯುತ್ತಾ ವಾದ ಹೊಂದಿಸಿಕೊಂಡೆ: ತಪ್ಪು ಚಿಕ್ಕಪ್ಪನದು, ಪ್ರೆಸ್ಸಿನವನದು, ಕೊನೆಗೆ ಅರ್ಥಶಾಸ್ತ್ರದ್ದು.

ಹುರುಳಿಕಾಯಿ ಬಿಡಿಸುತ್ತಿದ್ದವಳ ಎದುರು ಕುಳಿತು ಎಲ್ಲ ಹೇಳಿದೆ. ಅವಳು ತಲೆಯೆತ್ತಲಿಲ್ಲ. "ಗೊತ್ತು ಬುಡಿ. ಮದುವೆಗೆ ಮುಂಚೇನೇ ನಮ್ಮಪ್ಪ ನಿಮ್ಮ ಕಾಲೇಜಲ್ಲಿ ವಿಚಾರಿಸ್ಕೊಂಡು ಬಂದಿದ್ರು."

"ಮತ್ತೆ ಹೆಣ್ಣು ಕೊಟ್ಟಿದ್ದು?"

"ಹುಡುಗ ಮಾತಾಡ್ತಾನೆ, ಹೆಂಗೋ ಬದುಕ್ಕೋತಾನೆ ಅಂದ್ರು."

ಎಂದೋ ತೀರ್ಪಾಗಿದ್ದ ಕೇಸಿಗೆ ನಾನು ದಾರಿಯುದ್ದಕ್ಕೂ ವಾದ ಕಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಾಯೆನಿಸಿತು. ಈಗ ದಿನಾ ಬೆಳಿಗ್ಗೆ ಅವಳ ಎದುರು ಕುಳಿತು ಅರ್ಥಶಾಸ್ತ್ರದ ಬೇಡಿಕೆಯ ರೇಖೆ ಎಳೆಯುತ್ತೇನೆ. ಸೊಟ್ಟಗಿದ್ದರೆ ಅವಳು ಅಳಿಸುತ್ತಾಳೆ, ನಾನು ವಾದಿಸದೆ ಮತ್ತೆ ಎಳೆಯುತ್ತೇನೆ. ಇಷ್ಟು ಸುಖವಾಗಿ ನಾನು ಯಾವತ್ತೂ ಓದಿರಲಿಲ್ಲ.

ಒಂದನ್ನು ಮಾತ್ರ ಅವಳಿಗೆ ಹೇಳಿಲ್ಲ. ಅಂಗಡಿಯ ಹೊಸ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಲ್.ಎಲ್.ಬಿ. ಎಂದು ಬರೆಯಲು ಪೇಂಟರಿಗೆ ಆಗಲೇ ಹೇಳಿಯಾಗಿದೆ.