ಕೇಕಿಗೆ ಹೊದಿಸಿದ ಸಕ್ಕರೆ ದುಪ್ಪಟಿ

ಯಾದಗಿರಿಯ ಮಿಠಾಯಿ ಸಂಗಣ್ಣ ಎರಕ ಹೊಯ್ದ ಸಕ್ಕರೆ ಆನೆಯನ್ನು ನೋಡಿ ಸುರಪುರದ ನಿಜವಾದ ಆನೆಯೊಂದು ನಾಚಿ ಕಾಡು ಸೇರಿತ್ತು. ಶಹಾಪುರದ ಇರುವೆಗಳು ಅವನ ಅಂಗಡಿಗಾಗಿ ಭೀಮಾ ಹೊಳೆ ಈಜಿ ಬರುತ್ತಿದ್ದವು. ಇಂಥ ಸಂಗಣ್ಣ ಒಂದೇ ಒಂದು ಮಾತಾಡಿ ಕೆಟ್ಟ: "ಅದೇನ್ ಮಹಾ ಬಿಡ್ರಿ, ಮಾಡ್ತೀನಿ."

ಕನ್ನಡ ನಾಡು ಒಂದಾದ ವರ್ಷದ ಗೌರಿ ಹುಣ್ಣಿಮೆ ಅದು. ಹೊಸ ಸ್ಟೇಷನ್ ಮಾಸ್ತರ ಪುಟ್ಟಮಾದಪ್ಪನವರು ದೂರದ ಕೊಳ್ಳೇಗಾಲದವರು. ಮದ್ರಾಸಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಿ ಬಂದಿದ್ದ ಅವರ ಮಗಳು ಮಹದೇವಮ್ಮನಿಗೆ ಅಂದೇ ಹುಟ್ಟುಹಬ್ಬ. ಅವಳಿಗೆ ಕೇಕು ಬೇಕು; ಕೇಕಿನ ಮೇಲೆ ಫಾಂಡೆಂಟ್ ಎಂಬ ಬಿಳಿ ಸಕ್ಕರೆಯ ಹೊದಿಕೆ ಬೇಕು; ಅದು ದುಪ್ಪಟಿಯಂತೆ ಮೆತ್ತಗಿರಬೇಕು.

"ಸಂಜೆಯೊಳಗೆ ತಂದುಕೊಡಿ ಸಂಗಣ್ಣ. ಪ್ಲಾಟ್‌ಫಾರ್ಮಿನ ಮಿಠಾಯಿ ಅಂಗಡಿ ಗುತ್ತಿಗೆಗೆ ನಿಮ್ಮ ಹೆಸರನ್ನೇ ಹೇಳ್ತೀನಿ" ಎಂದಿದ್ದರು ಮಾಸ್ತರರು.

ಆ ಅಂಗಡಿಯ ಆಸೆಗೆ ಸಂಗಣ್ಣ ಸುರಿಸಿದ ಜೊಲ್ಲಿಗೆ ಒಡ್ಡು ಕಟ್ಟಿದ್ದರೆ ಸೈದಾಪುರದವರೆಗೂ ಭತ್ತ ಬೆಳೆಯಬಹುದಿತ್ತು.

ಬ್ರೆಡ್ಡಿನ ಭಟ್ಟಿಯ ಖಾಜಾಹುಸೇನ ತತ್ತಿ ಹಾಕದ ಕೇಕು ಮಾಡಿ ತಂದ. ಸಂಗಣ್ಣ ತನಗೆ ಗೊತ್ತಿದ್ದ ಸಕ್ಕರೆ ಗೊಂಬೆಯ ಪಾಕವನ್ನೇ ಕಾಸಿ ಅದರ ಮೇಲೆ ಹೊಯ್ದ. ಅದು ಗೊಂಬೆಯಂತೆಯೇ ಗಟ್ಟಿಯಾಯಿತು. ಚಾಕು ಬಾಗಿತು. ಖಾಜಾಹುಸೇನ ಒಳಕಲ್ಲಿನ ಗುಂಡು ಎತ್ತಿ ಕುಟ್ಟಿದ. ಒಳಗಿನ ಕೇಕು ಹಿಟ್ಟಾಯಿತು, ಮೇಲಿನ ಸಕ್ಕರೆಗೆ ಗೀರೂ ಬೀಳಲಿಲ್ಲ.

"ನಮ್ಮೂರ ಕೋಟಿ ಗೋಡಿಗಿ ಇದನ್ನ ಬಳದಿದ್ರ ತೋಪಿನ ಗುಂಡಿಗೂ ಬೀಳ್ತಿದ್ದಿಲ್ಲ ಭಾಯಿ!" ಎಂದು ನಕ್ಕ.

"ಹಲ್ಲು ಕಿಸೀಬ್ಯಾಡ ಮಾರಾಯಾ! ಇನ್ನೊಂದು ಕೇಕ್ ಭಟ್ಟಿಗಿ ಇಡು ನಡಿ!"

ಕುಟ್ಟುವ ಸದ್ದಿಗೆ ಪಕ್ಕದ ಮನೆಯ ಶಿವಬಸಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಓಣಿಯಲ್ಲಿ ಒಲೆ ಹೊತ್ತಿದಲ್ಲೆಲ್ಲ, ಸಂಗಣ್ಣನಂಥ ಲಗ್ನವಾಗದ ಗಂಡು ಇದ್ದಲ್ಲೆಲ್ಲ ಅವಳ ಕೈ ಇರಲೇಬೇಕು.

"ಪಾಕಕ್ಕ ಲಿಂಬಿಹುಳಿ ಹಿಂಡೋ ತಮ್ಮಾ, ಮೆತ್ತಗಾಗ್ತದ."

"ಎರಡು ಹನಿ ಸಾಕೇನ್ ಚಿಗವ್ವ?"

"ಹಬ್ಬದ ದಿನ ಏನ್ ಜಿಪುಣತನ ಮಾಡ್ತಿ, ಸರಿ ಆಚಿಗಿ!" ಎಂದವಳೇ ಬುಟ್ಟಿಯಲ್ಲಿದ್ದ ಲಿಂಬೆಯನ್ನೆಲ್ಲ ಹಿಂಡಿದಳು.

ಆ ಪಾಕ ಎರಡನೆಯ ಕೇಕಿನ ಮೇಲೆ ನಿಲ್ಲಲೇ ಇಲ್ಲ. ಕೇಕಿಟ್ಟ ಪರಾತ ದಾಟಿತು, ಕಟ್ಟೆ ದಾಟಿತು, ಓಣಿಗಿಳಿದು ಸ್ಟೇಷನ್ ದಾರಿ ಹಿಡಿಯಿತು. ನೆಕ್ಕಲು ಬಂದ ನಾಯಿಯೊಂದರ ಬಾಯಿ ಅಂಟಿ, ಮೂರು ದಿನ ಊರಿಗೆ ಬೊಗಳುವವರೇ ಇಲ್ಲದಂತಾಯಿತು.

"ಎಲ್ಲಾರೂ ಹೊರಗ ನಡೀರಿ! ಯಾರರ ಬಾಯಿ ತೆಗದ್ರ ಇದ್ರಾಗೇ ಅದ್ದಿ ಬಿಡ್ತೀನಿ!"

ಬಾಗಿಲು ಹಾಕಿಕೊಂಡು ಸಂಗಣ್ಣ ಕೇಕನ್ನು ಒರೆಸಿದ. ಹೊಸ ಪಾಕ ಕಾಸಿ, ಮೆತ್ತನೆಯ ಉಂಡೆ ಕಟ್ಟುವ ಹದಕ್ಕೆ ಇಳಿಸಿ, ಹನಿ ಹುಳಿ ಬಿಟ್ಟು, ಒದ್ದೆ ಕಲ್ಲಿನ ಮೇಲೆ ಸುರಿದು ಆರಿಸಿದ. ಆಮೇಲೆ ಸೌಟಿನಿಂದ ಬಡಿದ, ಬಡಿದ, ರಟ್ಟೆ ಕಳಚಿ ಬೀಳುವ ತನಕ ಬಡಿದ. ಅಂಟು ಪಾಕ ಬೆಳ್ಳಗಾಯಿತು. ನಾದಿದರೆ ಹೋಳಿಗೆಯ ಕಣಕದ ಹಾಗೆ ಬಂತು. ಲಟ್ಟಿಸಿ ಹೊದಿಸಿದ ಮೇಲೆ ಕೇಕು, ಚಳಿಗೆ ದುಪ್ಪಟಿ ಹೊದ್ದ ಸಾವುಕಾರನಂತೆ ಠೀವಿಯಿಂದ ಕೂತಿತು.

ಹೊತ್ತುಕೊಂಡು ಹೊರಬಂದರೆ ಬಾಗಿಲಲ್ಲೇ ಶಿವಬಸಮ್ಮ. "ಹುಣ್ಣಿಮಿ ದಿನ ಸಕ್ಕರಿ ತಾಟು ಬೋಳೇ ಒಯ್ತಾರೇನೋ?"

"ಚಿಗವ್ವ, ಇದು ಕೇಕು!"

"ಕೇಕಿನ್ಯಾಗ ಉಪ್ಪದ ಏನು? ಸಕ್ಕರಿ ಅಂದ್ರ ಸಕ್ಕರಿ!"

ಕುಂಕುಮ ಬಿತ್ತು, ಸೇವಂತಿಗೆ ಬಿತ್ತು, ಎರಡು ಸಕ್ಕರೆ ಗಿಳಿಗಳೂ ಪಕ್ಕದಲ್ಲಿ ಕೂತವು. ಓಣಿಯ ಹೆಂಗಸರೆಲ್ಲ ಹಾಡುತ್ತ ಹಿಂದೆ ಬಿದ್ದರು. ಜಗಳಾಡಲು ಹೊತ್ತಿರಲಿಲ್ಲ, ಸಂಗಣ್ಣ ಹಲ್ಲು ಕಡಿಯುತ್ತ ನಡೆದ. ಕೇಕಿನ ರುಚಿ ನೋಡಲು ಖಾಜಾಹುಸೇನನೂ ಬಂದ.

ರೈಲ್ವೆ ಕ್ವಾರ್ಟರ್ಸಿನಲ್ಲಿ ಮಹದೇವಮ್ಮ ಚಾಕು ಇಟ್ಟಳು. ಬೆಣ್ಣೆಗೆ ಇಳಿದಂತೆ ಇಳಿಯಿತು.

"ಅಪ್ಪಾಜಿ, ಮದ್ರಾಸಿನಲ್ಲೂ ಇಂಥ ಫಾಂಡೆಂಟ್ ತಿಂದಿಲ್ಲ!"

ಸಂಗಣ್ಣನಿಗೆ ಕಣ್ಣೆದುರೇ ಪ್ಲಾಟ್‌ಫಾರ್ಮಿನ ಅಂಗಡಿ ಬಾಗಿಲು ತೆರೆಯಿತು. ಖಾಲಿ ತಟ್ಟೆ ಕೊಡಬಾರದೆಂದು ಮಾಸ್ತರರ ಹೆಂಡತಿ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆಯ ಖಣ ಇಟ್ಟು ಅವನ ಕೈಗೆ ಕೊಟ್ಟರು. ಹೊರಗಿದ್ದ ಹೆಂಗಸರು ಥಟ್ಟನೆ ಸೋಬಾನೆ ಎತ್ತಿದರು.

"ಏನಾಯ್ತು?" ಎಂದರು ಮಾಸ್ತರರು.

"ಇನ್ನೇನ್ ಆಗ್ಬೇಕ್ರಿ ಬೀಗ್ರ!" ಎಂದಳು ಶಿವಬಸಮ್ಮ. "ಗೌರಿ ಹುಣ್ಣಿಮಿಗಿ ಗಂಡಿನ ಕಡಿಂದ ಹೆಣ್ಣಿಗಿ ಸಕ್ಕರಿ ಆರತಿ ಬರ್ತದ. ಬಂತು. ನೀವು ತಾಟು ತುಂಬಿ ಕೊಟ್ರಿ. ಸಂಬಂಧ ಕೂಡ್ತು!"

"ಸುಳ್ಳ್ರಿ ಸಾಹೇಬ್ರ! ಅದು ಕೇಕ್ರೀ!" ಸಂಗಣ್ಣನ ಕೂಗು ಸೋಬಾನೆಯಲ್ಲಿ ಮುಳುಗಿತು.

ಮಾಸ್ತರರು ಹೆಂಡತಿಯನ್ನು ನೋಡಿದರು. "ನಮ್ಮ ಲಿಂಗಾಯತರೇ ಅಲ್ವಾ" ಎಂದರು ಆಕೆ. ಇಬ್ಬರೂ ಮಗಳನ್ನು ನೋಡಿದರು. ಅವಳು ಬೆರಳಿಗಂಟಿದ ಸಕ್ಕರೆ ಚೀಪುತ್ತ, "ಇಷ್ಟು ಸಕ್ಕರೆ ಬಡಿದರೂ ಯಾರನ್ನೂ ಬಡಿದಿಲ್ಲವಲ್ಲ, ತಾಳ್ಮೆಯವರು. ನನಗೆ ಒಪ್ಪಿಗೆ" ಎಂದಳು.

ಸಂಗಣ್ಣನ ಕಿವಿ ಕೆಂಪಾಯಿತು. ತಲೆ ಮಾತ್ರ ಚುರುಕಾಗಿ ಓಡಿತು: ಹೆಂಡತಿಯೂ ಬಂದಳು, ಅಂಗಡಿಯೂ ಬಂತು! "ಆಗ್ಲಿರಿ ಮಾವಾರ. ಅಂಗಡಿ ಬಾಗಿಲು ನಾಳಿಗೇ ತೆಗೀಲೇನ್ರಿ?"

"ಛೆ ಛೆ, ಅಳಿಯಂದ್ರೇ!" ಮಾಸ್ತರರು ಅವನ ಹೆಗಲು ತಟ್ಟಿದರು. "ನನ್ನ ಸ್ಟೇಷನ್ನಿನಲ್ಲಿ ನನ್ನ ಅಳಿಯನಿಗೇ ಅಂಗಡಿ ಕೊಟ್ಟರೆ ಜನ ಏನಂದಾರು? ನಾನು ಕೊಡೋನಲ್ಲ. ಹೊದಿಕೆಯೊಳಗಿನ ಈ ಕೇಕು ಮಾಡಿದವರು ಯಾರು? ಅಂಗಡಿಗೆ ಅವರ ಹೆಸರು ಹೇಳ್ತೀನಿ."

ಮೂರನೆಯ ಹೋಳು ನುಂಗುತ್ತಿದ್ದ ಖಾಜಾಹುಸೇನ ಬಾಯಿ ಒರೆಸಿಕೊಂಡು ಸಲಾಮು ಹೊಡೆದ. ಆಮೇಲೆ ಸಂಗಣ್ಣನ ಕಡೆ ಬಗ್ಗಿ ಮೆಲ್ಲಗೆ ಹೇಳಿದ:

"ಫಿಕರ್ ಮಾಡಬ್ಯಾಡ ಭಾಯಿ. ಮಾವನ ಮನಿಗಿ ಬಂದಾಗೆಲ್ಲ ನನ್ನ ಅಂಗಡ್ಯಾಗ ಕುಂತು ಚಾ ಕುಡದು ಹೋಗು."